ಸಿ ರಿಪೋರ್ಟ್ ಆಗಿರೋ ಕೇಸಿಗೆ ಕ್ಲೈಮ್ಯಾಕ್ಸ್ ಎಲ್ಲಿಂದ ತರೋದು

ನಾನು ದಾವಣಗೆರೆ ಕೋರ್ಟಲ್ಲಿ ಪ್ರಾಕ್ಟೀಸ್ ಮಾಡೋಳು. ದಿನಾ ಇರೋದು ಪಾಲಿನ ದಾವೆ, ಆಕ್ಸಿಡೆಂಟ್ ಕ್ಲೇಮು, ಚೆಕ್ ಬೌನ್ಸು, ನಡುವೆ ಒಂದೊಂದು ಬೇಲು. ಸಿನಿಮಾಗೂ ನಂಗೂ ಇದ್ದ ಸಂಬಂಧ ಟಿಕೆಟ್ ತಗೊಂಡು ಕೂರೋದಷ್ಟೇ. ಅಂಥಾದ್ರಲ್ಲಿ ಹೋದ ವರ್ಷ ಒಂದು ಸಿನಿಮಾ ಸ್ಕ್ರಿಪ್ಟನ್ನ ಕಾನೂನು ಕಡೆಯಿಂದ ನೋಡಿಕೊಡೋ ಕೆಲಸ ಬಂತು, ವೆಟ್ಟಿಂಗ್ ಅಂತಾರಂತೆ ಅದಕ್ಕೆ. ಬೆಂಗಳೂರಲ್ಲಾದ್ರೆ ಇದಕ್ಕಂತಲೇ ಲಾಯರ್‌ಗಳಿದಾರೆ, ಇವ್ರ ಹತ್ರ ಅಷ್ಟು ದುಡ್ಡಿರ್ಲಿಲ್ಲ, ಅದಕ್ಕೆ ನಾನು. ಆ ಕೆಲಸ ಹೆಂಗೆ ನಡೀತು, ಎಲ್ಲೆಲ್ಲಿ ಸಿಕ್ಕಾಕೊಳ್ತು ಅಂತ ಬರೀಬೇಕು ಅನ್ನಿಸ್ತು, ಯಾಕಂದ್ರೆ ಈಗ ನೋಡಿದ್ ಹುಡುಗ್ರೆಲ್ಲಾ "ನೈಜ ಘಟನೆ ಆಧಾರಿತ" ಅಂತ ಕ್ರೈಮ್ ಸಿನಿಮಾ ಬರೀತಿದಾರೆ, ಯಾರಿಗಾದ್ರೂ ಉಪಯೋಗ ಆದೀತು.

ನಿರ್ದೇಶಕ ಚಿತ್ರದುರ್ಗದ ಹುಡುಗ, ನಮ್ಮ ಕಡೆ ದೂರದ ಸಂಬಂಧ, ನನ್ನ ಅಕ್ಕ ಅಂತಾನೆ. ಪ್ರೊಡ್ಯೂಸರ್ ಅವನ ಸೋದರಮಾವ, ಮೆಕ್ಕೆಜೋಳದ ವ್ಯಾಪಾರ, ಸಿನಿಮಾ ಬಗ್ಗೆ ಅವರಿಗೆ ಗೊತ್ತಿರೋದು ಒಂದೇ, ಇಂಟರ್ವಲ್ ಹೊತ್ತಿಗೆ ಜನ ಎದ್ದು ಹೋಗಬಾರ್ದು. ಕತೆ 1994ರಲ್ಲಿ ನಡೆದ ಒಂದು ಕೊಲೆದು. ದಲಾಲಿ ಮಂಡಿಯಲ್ಲಿ ಗುಮಾಸ್ತ ಆಗಿದ್ದ ಒಬ್ಬ ವಸೂಲಿಗೆ ಅಂತ ಹಳ್ಳಿಗೆ ಹೋದೋನು ವಾಪಸ್ ಬರ್ಲಿಲ್ಲ, ಮಾರನೇ ದಿನ ಹಳ್ಳದ ದಂಡೇಲಿ ಹೆಣ ಸಿಕ್ತು, ಪಕ್ಕದಲ್ಲಿ ರಕ್ತ ಆಗಿರೋ ಸೈಜುಗಲ್ಲು. ಚೀಲದಲ್ಲಿದ್ದ ದುಡ್ಡಲ್ಲಿ ಸ್ವಲ್ಪ ಹೋಗಿತ್ತು, ಸ್ವಲ್ಪ ಹಂಗೇ ಇತ್ತು. ಕಳ್ಳತನ ಅನ್ನೋಕೂ ಆಗಲ್ಲ, ದ್ವೇಷ ಅನ್ನೋಕೂ ಆಗಲ್ಲ. ಕೊನೆಗೆ ಪೊಲೀಸ್ನೋರು ಸಿ ರಿಪೋರ್ಟ್ ಹಾಕಿದ್ರು. ಊರ ಹೆಸರು, ತಾಲೂಕು ಹೇಳಲ್ಲ, ಗುರುತು ಸಿಗೋ ಒಂದೆರಡು ವಿವರಾನೂ ಬದಲಿಸಿದೀನಿ.

ಸಿ ರಿಪೋರ್ಟ್ ಅಂದ್ರೇನು ಅಂತ ಮೊದಲು ಹೇಳ್ಬಿಡ್ತೀನಿ. ಪೊಲೀಸ್ನೋರು ತನಿಖೆ ಮಾಡಿ, ಕೇಸು ಸುಳ್ಳು ಇಲ್ಲಾ ತಪ್ಪು ತಿಳುವಳಿಕೆ ಅಂತ ಆದ್ರೆ ಬಿ ರಿಪೋರ್ಟ್ ಹಾಕ್ತಾರೆ. ಅಪರಾಧ ನಡೆದಿರೋದು ನಿಜ ಆದ್ರೆ ಯಾರು ಮಾಡಿದ್ರು ಅಂತ ಪತ್ತೆ ಆಗ್ಲಿಲ್ಲ ಅಂದ್ರೆ ಸಿ. ಮ್ಯಾಜಿಸ್ಟ್ರೇಟ್ ಅದನ್ನ ಒಪ್ಕೊಂಡ್ರು ಅಂದ್ರೂ ಕೇಸು ಸತ್ತಂಗಲ್ಲ. ಮೂರು ವರ್ಷದೊಳಗಿನ ಶಿಕ್ಷೆಯ ಅಪರಾಧಕ್ಕೆ ಮಾತ್ರ ನಮ್ಮಲ್ಲಿ ಕಾಲಮಿತಿ ಇರೋದು, ಕೊಲೆಗೆ ಇಲ್ಲವೇ ಇಲ್ಲ. ತನಿಖೆ, ವಿಚಾರಣೆ ಹೆಂಗೆ ನಡೀಬೇಕು ಅನ್ನೋ ಹಳೇ ಕಾಯ್ದೆ ಸಿಆರ್‌ಪಿಸಿಯ 173(8), ಅದರ ಜಾಗಕ್ಕೆ ಬಂದಿರೋ ಬಿಎನ್‌ಎಸ್‌ಎಸ್‌ನಲ್ಲಿ 193(9), ಅದರ ಕೆಳಗೆ ಹೊಸ ಸಾಕ್ಷಿ ಸಿಕ್ರೆ ಯಾವಾಗ ಬೇಕಾದ್ರೂ ಮುಂದಿನ ತನಿಖೆ ಮಾಡಬಹುದು. ಇದನ್ನ ಪ್ರೊಡ್ಯೂಸರ್ ಮಾವನಿಗೆ ಹೇಳಿದಾಗ ಅವರ ಮುಖ ಸಣ್ಣದಾತು. "ಹಂಗಾರೆ ಕೇಸ್ ಇನ್ನಾ ಜೀವಂತ ಐತೆ ಅನ್ರಿ. ನಾವು ಸತ್ತಿರೋ ಕೇಸು ಅನ್ಕೊಂಡು ದುಡ್ಡು ಹಾಕಿದ್ವಲ್ರೀ."

ಹುಡುಗ ತಂದ ಸ್ಕ್ರಿಪ್ಟು ನೂರು ಪುಟದ ಮೇಲಿತ್ತು. ಓದೋಕೆ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದ್ರೆ ಅದರಲ್ಲಿದ್ದ ಅರ್ಧ ಪೇಪರ್ ಕಟಿಂಗು, ಇನ್ನರ್ಧ ಟೀ ಅಂಗಡಿ ಮಾತು. ನಾನು ಮೊದಲು ಕೇಳಿದ್ದು ಒಂದೇ, "ಎಫ್ಐಆರ್ ನೋಡಿದೀಯೇನಪ್ಪ?" ಇಲ್ಲ. ಮಹಜರು? ಇಲ್ಲ. "ಅಕ್ಕ, ಫೀಲ್ ಮುಖ್ಯ" ಅಂದ. ಫೀಲ್ ಇಟ್ಕೊಂಡು ಮಾನನಷ್ಟ ಕೇಸಲ್ಲಿ ಡಿಫೆನ್ಸ್ ತಗೊಳೋಕಾಗಲ್ಲ ಅಂತ ಹೇಳಿ, ಮೊದಲು ಕಾಗದ ತರೋಣ ಆಮೇಲೆ ಮಾತಾಡೋಣ ಅಂದೆ.

ಇದಕ್ಕೆ ಕಾನೂನಲ್ಲಿ ಕಾರಣ ಇದೆ. ತಮಿಳುನಾಡಲ್ಲಿ ಕೊಲೆ ಕೇಸಲ್ಲಿ ಗಲ್ಲಾದ ಆಟೋ ಶಂಕರ್ ಅನ್ನೋನ ಆತ್ಮಕತೆ ವಿಚಾರದಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿದೆ, ಆರ್. ರಾಜಗೋಪಾಲ್ ಕೇಸು, ಅದೂ 1994ರದ್ದೇ. ಸಾರ್ವಜನಿಕ ದಾಖಲೆಯಲ್ಲಿ ಇರೋದನ್ನ ಯಾರು ಬೇಕಾದ್ರೂ ಬರೀಬಹುದು, ಅದಕ್ಕೆ ಅವರ ಒಪ್ಪಿಗೆ ಬೇಕಿಲ್ಲ, ಆದ್ರೆ ದಾಖಲೆ ದಾಟಿ ಅವರ ಖಾಸಗಿ ಬದುಕಿಗೆ ಕೈ ಹಾಕಿದ್ರೆ ಹಾಕಿದೋರೇ ಜವಾಬ್ದಾರಿ ಅಂತ. ಅತ್ಯಾಚಾರಕ್ಕೆ ಒಳಗಾದ ಹೆಣ್ಮಕ್ಕಳ ವಿಷಯದಲ್ಲಿ ಮಾತ್ರ ದಾಖಲೇಲಿ ಇದ್ರೂ ಹೆಸರು ಹೇಳಂಗಿಲ್ಲ, 2018ರಲ್ಲಿ ನಿಪುಣ್ ಸಕ್ಸೇನಾ ಕೇಸಲ್ಲಿ ಸತ್ತಿದ್ರೂ ಹೇಳಂಗಿಲ್ಲ ಅಂತ ಗಟ್ಟಿ ಮಾಡಿದ್ರು. ನಮ್ಮ ಕತೇಲಿ ಅದಿರ್ಲಿಲ್ಲ. ಹಂಗಾಗಿ ಸಿನಿಮಾದೋರಿಗೆ ಕಾಗದವೇ ಕಾಂಪೌಂಡ್ ಗೋಡೆ, ಅದರೊಳಗೆ ಎಷ್ಟು ಬೇಕಾದ್ರೂ ಓಡಾಡ್ಲಿ.

ಕಾಗದ ತರೋದೇ ಒಂದು ಸಿನಿಮಾ ಆತು ಬಿಡಿ. ಕೊಲೆ ಆದಾಗ ದಾವಣಗೆರೆ ಜಿಲ್ಲೆನೇ ಇರ್ಲಿಲ್ಲ. 1997ರ ಆಗಸ್ಟಲ್ಲಿ ಚಿತ್ರದುರ್ಗದಿಂದ ಬೇರೆ ಆಗಿದ್ದು. ಅಂದ್ರೆ ಊರು ಈಗ ಒಂದು ಜಿಲ್ಲೆಯಲ್ಲಿ, ಫೈಲು ಆಗಿನ ಜಿಲ್ಲೆಯಲ್ಲಿ. ಒಂದು ಕಚೇರಿಯೋರು "ಅದು ಅವ್ರ ಕಡೆ ಐತಿ" ಅಂತಾರೆ, ಅವರು "ಜಿಲ್ಲೆ ಬೇರೆ ಆದಾಗ ಎಲ್ಲಾ ಕಳ್ಸಿಬಿಟ್ವಿ" ಅಂತಾರೆ. ಹುಡುಗ ಬೈಕಲ್ಲಿ ಹೈವೇ ಮೇಲೆ ಅತ್ಲಾಗೊಂದ್ಸಲ ಇತ್ಲಾಗೊಂದ್ಸಲ ಓಡಾಡಿ ಸುಸ್ತಾದ ಮೇಲೆ ನಾನು ಆರ್‌ಟಿಐ ಹಾಕ್ಸಿದೆ. ಅವನು ಮೊದಲು ಬರ್ಕೊಂಡು ಬಂದಿದ್ದ ಅರ್ಜಿ ನಾಲ್ಕು ಪುಟ, ಅದರಲ್ಲಿ "ನ್ಯಾಯಕ್ಕಾಗಿ ಅಲೆಯುತ್ತಿರುವ ಆತ್ಮ" ಅಂತೆಲ್ಲಾ ಇತ್ತು. ಕರ್ನಾಟಕದ ಆರ್‌ಟಿಐ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಂಗಿಲ್ಲ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಆತ್ಮ ತೆಗೆದು ಗುನ್ನೆ ನಂಬರ್ ಹಾಕಿದೆ.

ಬಂದ ಉತ್ತರ ನೋಡಿ ನಗು ಬಂತು. ಕಲಂ 8(1)(ಎಚ್) ಪ್ರಕಾರ ತನಿಖೆಗೆ ಅಡ್ಡಿ ಆಗುತ್ತೆ, ಕೊಡೋಕಾಗಲ್ಲ ಅಂತ. ಸಿ ರಿಪೋರ್ಟ್ ಹಾಕಿ ಮೂವತ್ತು ವರ್ಷ ಆದ ಮೇಲೆ ಯಾವ ತನಿಖೆ ಸ್ವಾಮಿ. ಆದ್ರೆ ವಾದ ಅದಲ್ಲ, ಅದಕ್ಕಿಂತ ಚಂದದ ವಾದ ಅದೇ ಕಲಂ ಒಳಗೇ ಇದೆ, ಜನಕ್ಕೆ ಗೊತ್ತಿಲ್ಲ. 8(3) ಓದಿ ನೋಡ್ರಿ. ಇಪ್ಪತ್ತು ವರ್ಷ ದಾಟಿದ ಘಟನೆ ಬಗ್ಗೆ ಮಾಹಿತಿ ಕೇಳಿದ್ರೆ, ದೇಶದ ಭದ್ರತೆ, ಶಾಸನಸಭೆಯ ಹಕ್ಕುಚ್ಯುತಿ, ಸಚಿವ ಸಂಪುಟದ ಕಾಗದ, ಈ ಮೂರು ಬಿಟ್ಟು ಬೇರೆ ಯಾವ ವಿನಾಯ್ತಿನೂ ನಡೆಯಲ್ಲ. ತನಿಖೆಗೆ ಅಡ್ಡಿ ಅನ್ನೋದು ಆ ಮೂರರಲ್ಲಿಲ್ಲ. ಮೊದಲ ಮೇಲ್ಮನವೀಲಿ ಇದೊಂದೇ ಪಾಯಿಂಟ್ ಹಾಕಿದ್ದು. ಎದುರಿಗಿದ್ದ ಅಧಿಕಾರಿ ಪುಸ್ತಕ ತೆಗೆಸಿ ಓದಿದ್ರು, ಇನ್ನೊಂದು ಸಲ ಓದಿದ್ರು, "ಹೌದಲ್ರೀ ಮೇಡಂ" ಅಂದ್ರು. ನನ್ನ ಇಡೀ ಸರ್ವೀಸಲ್ಲಿ ಎದುರು ಪಾರ್ಟಿ ಇಷ್ಟು ಸಲೀಸಾಗಿ ಒಪ್ಕೊಂಡಿದ್ದು ಇಲ್ಲ, ಆ ಖುಷಿಗೆ ಹುಡುಗನ್ನ ಕರ್ಕೊಂಡು ಹೋಗಿ ಬೆಣ್ಣೆ ದೋಸೆ ತಿಂದ್ವಿ, ಬಿಲ್ಲು ಅವಂದೇ.

ಸಿಕ್ಕಿದ್ದು ಎಫ್ಐಆರ್, ದೂರು, ಶವ ತನಿಖಾ ಮಹಜರು, ಸ್ಥಳ ಮಹಜರು, ಎಫ್‌ಎಸ್‌ಎಲ್ ಅಂದ್ರೆ ಫೊರೆನ್ಸಿಕ್ ಲ್ಯಾಬಿನ ವರದಿ, ಕೊನೆಗೆ ಸಿ ರಿಪೋರ್ಟು ಮತ್ತೆ ಅದನ್ನ ಒಪ್ಕೊಂಡ ಆರ್ಡರ್ ಶೀಟಿನ ನಕಲು. ಸಾಕ್ಷಿಗಳ ಹೇಳಿಕೇಲಿ ಹೆಸರಿಗೆಲ್ಲಾ ಕಪ್ಪು ಬಳಿದು ಕೊಟ್ಟಿದ್ರು, ಅದು ಸರೀನೇ. ತನಿಖೆ ಮಾಡೋ ಪೊಲೀಸ್ನೋರು ದಿನಾ ಬರೆಯೋ ಕೇಸ್ ಡೈರಿ ಕೇಳೇ ಇರ್ಲಿಲ್ಲ. ಆರೋಪಿಗೇ ಅದನ್ನ ನೋಡೋ ಹಕ್ಕಿಲ್ಲ, ಸಿನಿಮಾದಲ್ಲಿ ಮಾತ್ರ ಹೀರೋಯಿನ್ ಕೈಗೂ ಸಿಗುತ್ತೆ.

ಶವ ತನಿಖಾ ಮಹಜರನ್ನ ಹುಡುಗ ನನ್ನ ಆಫೀಸಲ್ಲೇ ಕೂತು ಓದಿದ. ಕೈಬರಹದ್ದು, ಕಾರ್ಬನ್ ಪ್ರತಿ, ಝೆರಾಕ್ಸಲ್ಲಿ ಇನ್ನಷ್ಟು ಮಾಸಿತ್ತು. ಮೃತನ ಮೈಮೇಲೆ ನೀಲಿ ಗೆರೆಯ ಅರ್ಧ ತೋಳಿನ ಅಂಗಿ, ಮೂರನೇ ಗುಂಡಿ ಇರುವುದಿಲ್ಲ. ಎಡಗೈಯಲ್ಲಿ ಎಚ್‌ಎಂಟಿ ಕೈಗಡಿಯಾರ, ಗಾಜು ಸೀಳಿರುತ್ತದೆ, ಗಡಿಯಾರ ನಡೆಯುತ್ತಿರುತ್ತದೆ. ಅಲ್ಲಿ ನಿಂತುಬಿಟ್ಟ. ಯಾಕಂದ್ರೆ ಅವನ ಸ್ಕ್ರಿಪ್ಟಲ್ಲಿ ಗಡಿಯಾರ ಕೊಲೆ ಆದ ಟೈಮಿಗೆ ನಿಂತು ಹೋಗಿತ್ತು, ಹೀರೋ ಪಿಎಸ್‌ಐ ಅದನ್ನ ನೋಡಿ ಕೇಸಿಗೆ ದಾರಿ ಕಂಡ್ಕೊಳ್ತಾನೆ. ಎಲ್ಲಾ ಸಿನಿಮಾದಲ್ಲೂ ಗಡಿಯಾರ ನಿಲ್ಲುತ್ತೆ. ಇಲ್ಲಿ ಹೆಣದ ಕೈಮೇಲೆ ಅದು ಓಡ್ತಾನೇ ಇದೆ. ಕೀ ಕೊಡೋ ಗಡಿಯಾರ, ಒಂದ್ಸಲ ಕೀ ಕೊಟ್ರೆ ಒಂದು ದಿನದ ಮೇಲೆ ಓಡುತ್ತೆ, ಅಂದ್ರೆ ಮನೆ ಬಿಡೋ ಮುಂಚೆ ಅವನೇ ಕೊಟ್ಟಿದ್ದು. ಹುಡುಗ ಅವತ್ತೇ ಆ ಸೀನು ಹರಿದು ಹಾಕಿದ. ನಂಗೆ ಆವಾಗ ಈ ಹುಡುಗನ ಮೇಲೆ ನಂಬಿಕೆ ಬಂತು.

ಎಫ್‌ಎಸ್‌ಎಲ್ ವರದಿ ಇದ್ದಿದ್ದು ಒಂದೇ ಹಾಳೆ. ಕಲ್ಲಿನ ಮೇಲಿದ್ದದ್ದು ಮನುಷ್ಯರ ರಕ್ತ, ಓ ಗುಂಪು. ನಮ್ಮ ದೇಶದಲ್ಲಿ ಸುಮಾರು ಮೂವರಲ್ಲಿ ಒಬ್ಬರದ್ದು ಅದೇ ಗುಂಪು, ಸತ್ತೋನದ್ದೂ ಅದೇ. ಇದರ ಹಿಂದಿನ ಕತೆ ಹೇಳಿದ್ದು ಆಗ ಆ ಠಾಣೇಲಿ ಕಾನ್‌ಸ್ಟೇಬಲ್ ಆಗಿದ್ದು ಎಎಸ್‌ಐ ಆಗಿ ರಿಟೈರ್ ಆದ ಒಬ್ಬ ಹಿರಿಯರು. ಈಗ ದಾವಣಗೆರೇಲೇ ರೀಜನಲ್ ಎಫ್‌ಎಸ್‌ಎಲ್ ಇದೆ, ಆವಾಗ ಎಲ್ಲಾ ಬೆಂಗಳೂರು ಮಡಿವಾಳಕ್ಕೇ ಹೋಗ್ಬೇಕಿತ್ತು, ಹೊತ್ಕೊಂಡು ಹೋಗೋನು ಕಾನ್‌ಸ್ಟೇಬಲ್ಲು. "ನೈಟ್ ಬಸ್ಸಲ್ಲಿ ಹೋದೆ ನೋಡಮ್ಮ. ಅರಗಿನ ಸೀಲ್ ಹಾಕಿದ ಡಬ್ಬಿ ತೊಡೆ ಮ್ಯಾಲೆ. ಪಕ್ಕದಾಗೆ ಕುಂತಾಕಿ, ಏನ್ ಸಾರ್ ತುಪ್ಪನಾ ಅಂತ ಕೇಳಿದ್ಲು. ಹೂಂನಮ್ಮ ಅಂದೆ, ಇನ್ನೇನ್ ಹೇಳ್ಲಿ." ಮಡಿವಾಳದಲ್ಲಿ ಬೆಳಿಗ್ಗೆ ಗೇಟ್ ತೆಗಿಯೋವರೆಗೂ ಡಬ್ಬಿ ಹಿಡ್ಕೊಂಡು ಫುಟ್‌ಪಾತ್ ಮೇಲೆ ಕೂತಿದ್ರಂತೆ. ಡಬ್ಬಿ ಸೀಲಿಗೆ ಹೋಲಿಸಿ ನೋಡೋಕೆ ನಮೂನೆ ಸೀಲ್ ಹಾಕಿದ ಚೀಟಿ ಎಲ್ಲಿ ಅಂತ ಅಲ್ಲಿನ ಕ್ಲರ್ಕ್ ಕೇಳಿದಾಗ ಅದು ಅಂಗಿ ಜೇಬಲ್ಲಿ ಬೆವರಿಗೆ ಒದ್ದೆ ಆಗಿತ್ತಂತೆ. ಈ ಬಸ್ ಪ್ರಯಾಣ ಸ್ಕ್ರಿಪ್ಟಲ್ಲಿ ಇರ್ಲಿಲ್ಲ, ಈಗ ಸಿನಿಮಾದಲ್ಲಿ ಎಂಟು ನಿಮಿಷ ಇದೆ, ನನ್ನ ಕೇಳಿದ್ರೆ ಸಿನಿಮಾದಲ್ಲಿ ಅದೇ ಬೆಸ್ಟು.

ಇನ್ನು ನಾನು ಕೆಂಪು ಪೆನ್ನಲ್ಲಿ ಹೊಡೆದಿದ್ದು ಕೇಳ್ರಿ. ಎಫ್ಐಆರ್ ಸೀನಲ್ಲಿ "ಬಿಎನ್‌ಎಸ್ 103" ಅಂತ ಡೈಲಾಗ್ ಇತ್ತು. ಹಳೇ ದಂಡ ಸಂಹಿತೆ ಐಪಿಸಿ ಜಾಗಕ್ಕೆ ಬಿಎನ್‌ಎಸ್ ಬಂದಿದ್ದೇ 2024ರ ಜುಲೈ 1ಕ್ಕೆ, 1994ರ ಠಾಣೇಲಿ ಅದು ಐಪಿಸಿ 302. ಅನುಮಾನದ ಮೇಲೆ ಹಿಡಿದೋನಿಗೆ ಮಂಪರು ಪರೀಕ್ಷೆ ಮಾಡಿಸೋ ಸೀನಿತ್ತು, ಆ ಕಾಲದಲ್ಲಿ ಇಂಥಾ ತಾಲೂಕು ಠಾಣೇಲಿ ಅದರ ಹೆಸರೇ ಯಾರೂ ಕೇಳಿರ್ಲಿಲ್ಲ, ಆಮೇಲೆ ಅದು ಜೋರಾದಾಗ 2010ರಲ್ಲಿ ಸೆಲ್ವಿ ಕೇಸಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆ ಇಲ್ದೆ ಮಾಡಂಗಿಲ್ಲ ಅಂತು, ಆ ಕೇಸು ನಮ್ಮ ಕರ್ನಾಟಕದ್ದೇ. ಠಾಣೇಲಿ ಹೊಡೆದು ತಪ್ಪೊಪ್ಪಿಗೆ ಬರೆಸ್ಕೊಂಡು ಹೀರೋ "ಕೇಸ್ ಕ್ಲೋಸ್" ಅಂತಾನೆ, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಸಾಕ್ಷ್ಯ ಕಾಯ್ದೆ 25ನೇ ಕಲಂನಲ್ಲಿ ಮೂರು ಕಾಸಿನ ಬೆಲೆ ಇಲ್ಲ.

ಎಲ್ಲಕ್ಕಿಂತ ದೊಡ್ಡ ಜಗಳ ಆಗಿದ್ದು ಕೋರ್ಟ್ ಸೀನಿಗೆ. ಇಂಟರ್ವಲ್ ಆದ್ಮೇಲೆ ಒಬ್ಬ ಫೈರ್ ಬ್ರಾಂಡ್ ಲಾಯರು ಬರ್ತಾನೆ, ಹದಿನೆಂಟು ಪುಟ ಕೂಗಾಡ್ತಾನೆ. ಆ ಪಾತ್ರಕ್ಕೆ ಧಾರವಾಹೀಲಿ ಹೆಸರು ಮಾಡಿದ ಒಬ್ಬರಿಗೆ ಅಡ್ವಾನ್ಸೂ ಕೊಟ್ಟಾಗಿತ್ತು. ನಾನು ಹೇಳಿದ್ದಿಷ್ಟೇ, ಆರೋಪಿನೇ ಇಲ್ದಿರೋ ಕೇಸಲ್ಲಿ ಟ್ರಯಲ್ ಎಲ್ಲಿಂದ ಬರುತ್ತಪ್ಪಾ? ಸಿ ರಿಪೋರ್ಟ್ ಕೇಸಲ್ಲಿ ಆಗೋದು ಇಷ್ಟು: ದೂರುದಾರನಿಗೆ ನೋಟಿಸ್ ಹೋಗುತ್ತೆ, ತಕರಾರು ಇದೆಯಾ ಅಂತ ಕೇಳ್ತಾರೆ, ಇದ್ರೆ ಹೇಳಬಹುದು. ಈ ಕೇಸಲ್ಲಿ ದೂರುದಾರ ಸತ್ತೋನ ಅಪ್ಪ. ಆರ್ಡರ್ ಶೀಟಲ್ಲಿ ಎರಡೇ ಸಾಲು, ದೂರುದಾರ ಹಾಜರು, ತಕರಾರು ಇಲ್ಲ, ಸಿ ವರದಿ ಅಂಗೀಕರಿಸಿದೆ. ಕೆಳಗೆ ಹೆಬ್ಬೆಟ್ಟು. ಆ ಮುದುಕ ಹಳ್ಳಿಯಿಂದ ಬಸ್ ಹತ್ತಿ ಬಂದು, ಮರದ ಕೆಳಗೆ ಕಾದು, ಕೂಗಿದಾಗ ಒಳಗೆ ಹೋಗಿ, ಒಂದು ನಿಮಿಷದೊಳಗೆ ಹೊರಗೆ ಬಂದಿರ್ತಾನೆ. ದಿನಾ ಕೋರ್ಟಲ್ಲಿ ಇರೋ ನಂಗೆ ಇದು ಗೊತ್ತು, ಮುಂದಿನ ಕೇಸಿನೋರು ಆಗ್ಲೇ ಬಾಗಿಲಲ್ಲಿ ನಿಂತಿರ್ತಾರೆ. ಅವನಿಗೆ ತಕರಾರು ಅಂದ್ರೇನು ಅಂತ ಯಾರಾದ್ರೂ ಬಿಡಿಸಿ ಹೇಳಿದ್ರಾ, ಆರ್ಡರ್ ಶೀಟಲ್ಲಿ ಅದು ಇರಲ್ಲ. ಫೈರ್ ಬ್ರಾಂಡ್ ಲಾಯರ್ ಹೋದ, ಅಡ್ವಾನ್ಸೂ ಹೋತು, ಮಾವ ಒಂದು ವಾರ ನನ್ನ ಫೋನ್ ಎತ್ತಲಿಲ್ಲ.

ಆದ್ರೆ ನಿಜವಾದ ಸಮಸ್ಯೆ ಕ್ಲೈಮ್ಯಾಕ್ಸು. ಆಗ ಪೊಲೀಸ್ನೋರು ಒಬ್ಬ ಸೈಕಲ್ ಶಾಪಿನೋನನ್ನ ಪದೇ ಪದೇ ಕರ್ಕೊಂಡು ಹೋಗಿ ವಿಚಾರಿಸಿದ್ರು, ಏನೂ ಸಿಗದೆ ಬಿಟ್ರು, ಚಾರ್ಜ್‌ಶೀಟ್ ಆಗ್ಲಿಲ್ಲ. ಊರು ಮಾತ್ರ ಬಿಡ್ಲಿಲ್ಲ. ಅವನ ಅಂಗಡಿಗೆ ಯಾರೂ ಪಂಕ್ಚರ್ ಹಾಕ್ಸೋಕೆ ಹೋಗ್ಲಿಲ್ಲ, ಕೊನೆಗೆ ಹೆಂಡ್ತಿ ಮಕ್ಕಳ ಕರ್ಕೊಂಡು ಊರೇ ಬಿಟ್ಟ, ಆಮೇಲೆ ಬೇರೆ ಕಡೆ ತೀರ್ಕೊಂಡ. ಸ್ಕ್ರಿಪ್ಟಲ್ಲಿ ಸೈಕಲ್ ಶಾಪನ್ನ ರೇಡಿಯೋ ರಿಪೇರಿ ಅಂಗಡಿ ಮಾಡಿ, ಹೆಸರು ಬದಲಿಸಿ, ಕೊನೇ ಸೀನಲ್ಲಿ ಕಲ್ಲು ಅವನ ಕೈಯಲ್ಲಿ ಕೊಟ್ಟಿದ್ದ ನಮ್ಮ ಹುಡುಗ. "ಹೆಸರು ಚೇಂಜ್ ಮಾಡಿದೀನಲ್ಲಕ್ಕ, ಆ ಮನುಷ್ಯನೂ ಇಲ್ಲ ಈಗ." ಹೆಸರು ಬದಲಿಸಿದ್ರೆ ಆಗ್ಲಿಲ್ಲ, ಓದಿದೋರಿಗೆ ನೋಡಿದೋರಿಗೆ ಇಂಥೋನೇ ಅಂತ ಗೊತ್ತಾದ್ರೆ ಸಾಕು ಮಾನನಷ್ಟಕ್ಕೆ. ಸತ್ತೋರ ವಿಷಯಾನೂ ಅಷ್ಟೇ. ಅಮೆರಿಕದಲ್ಲಿ ಸತ್ತೋರ ಪರವಾಗಿ ಮಾನನಷ್ಟ ಕೇಸು ನಡೆಯಲ್ಲ, ಅಲ್ಲಿ 2007ರಲ್ಲಿ ಬಂದ ಒಂದು ಹೆಸರುವಾಸಿ ಸಿನಿಮಾ, ಜೊಡಿಯಾಕ್ ಅನ್ನೋ ಪತ್ತೆ ಆಗದ ಸರಣಿ ಕೊಲೆಗಾರನ ಕೇಸಿಂದು, ಆ ಕೊಲೆಗಳಿಗೆ ಯಾವತ್ತೂ ಚಾರ್ಜ್ ಆಗದೆ 1992ರಲ್ಲಿ ಸತ್ತ ಒಬ್ಬನ ಕಡೆಗೆ ಬೆರಳು ತೋರ್ಸುತ್ತೆ. ನಮ್ಮಲ್ಲಿ ಐಪಿಸಿ 499ರ ಮೊದಲನೇ ವಿವರಣೆಯಲ್ಲೇ, ಈಗ ಬಿಎನ್‌ಎಸ್ 356ರಲ್ಲೂ, ಸತ್ತೋರ ಮೇಲೆ ಮನೆಯೋರ ಮನಸ್ಸು ನೋಯಿಸೋಕೆ ಅಂತ ಆರೋಪ ಹೊರಿಸಿದ್ರೆ ಅದೂ ಮಾನನಷ್ಟ ಅಂತಿದೆ. ಅವನ ಮಕ್ಕಳು ಬದುಕಿದಾರೆ.

ಹುಡುಗ ಕಾನೂನಿಗೆ ಬಗ್ಗಲಿಲ್ಲ. ಡಿಸ್ಕ್ಲೇಮರ್ ಹಾಕೋಣ, ನೋಡ್ಕೊಳ್ಳೋಣ ಅಂದ. ಅವನ ದೇವರು ಒಂದು ಕೊರಿಯನ್ ಸಿನಿಮಾ, ಬಾಂಗ್ ಜೂನ್-ಹೋ 2003ರಲ್ಲಿ ಮಾಡಿದ್ದು, ಮೆಮೊರೀಸ್ ಆಫ್ ಮರ್ಡರ್. ಹ್ವಾಸಂಗ್ ಅನ್ನೋ ಕಡೆ 1986ರಿಂದ 1991ರವರೆಗೆ ನಡೆದ ಹೆಂಗಸರ ಕೊಲೆಗಳ ಮೇಲಿಂದು, ಸಿನಿಮಾ ಮಾಡೋವಾಗ ಕೇಸು ಪತ್ತೆ ಆಗಿರ್ಲಿಲ್ಲ. ನಂಗೆ ಲ್ಯಾಪ್‌ಟಾಪಲ್ಲಿ ತೋರಿಸಿದ. ಗದ್ದೆ, ಕೆಸರು, ಮಳೆ, ಠಾಣೇಲಿ ಒದೆಯೋದು, ನಮ್ಮ ಹೊನ್ನಾಳಿ ಕಡೆನೇ ನಡೆದಂಗಿದೆ, ಚೆನ್ನಾಗಿದೆ. ಆಮೇಲೆ ಏನಾತು ಗೊತ್ತೇನೋ ಅಂದೆ. ಕೊಲೆಗಾರ ಸಿಕ್ಕಿದ್ದು ಗೊತ್ತಿತ್ತು ಅವನಿಗೆ, 2019ರಲ್ಲಿ ಡಿಎನ್ಎಯಿಂದ, ಬೇರೆ ಕೊಲೆಗೆ 1994ರಿಂದಲೇ ಜೈಲಲ್ಲಿದ್ದ. ಅಲ್ಲಿ ಕೊಲೆಗೂ ಕಾಲಮಿತಿ ಇತ್ತು, ಅದು 2006ಕ್ಕೇ ಮುಗಿದಿತ್ತು, ಹಂಗಾಗಿ ಆ ಕೊಲೆಗಳಿಗೆ ಅವನ ಮೇಲೆ ಕೇಸೇ ನಡೆಸೋಕಾಗ್ಲಿಲ್ಲ. ನಮ್ಮ ಹುಡುಗನಿಗೆ ಗೊತ್ತಿಲ್ದೇ ಇದ್ದಿದ್ದು ಇನ್ನೊಬ್ಬನ ವಿಷಯ. ಆ ಸರಣಿಯ ಎಂಟನೇ ಕೊಲೆಗೆ ಅಂತ ಒಬ್ಬ ಬಡಪಾಯಿನ ಹಿಡಿದು, ಒಪ್ಪಿಸಿ, ಸುಮಾರು ಇಪ್ಪತ್ತು ವರ್ಷ ಒಳಗೆ ಇಟ್ಟಿದ್ರು. ಅದೂ ನಾನೇ ಮಾಡಿದ್ದು ಅಂತ ನಿಜವಾದ ಕೊಲೆಗಾರ ಹೇಳಿದ ಮೇಲೆ, 2020ರ ಡಿಸೆಂಬರಲ್ಲಿ ಕೋರ್ಟು ಆ ಬಡಪಾಯಿನ ನಿರಪರಾಧಿ ಅಂತು. ಹುಡುಗ ಸುಮ್ನೆ ಕೂತ. "ಸೈಕಲ್ ಶಾಪಿನೋನಿಗೆ ಜೈಲು ಒಂದು ಆಗಿರ್ಲಿಲ್ಲ, ಅದನ್ನ ನೀನು ಟಿಕೆಟ್ ಹಾಕಿ ಮಾಡ್ತಿದೀಯ ನೋಡು" ಅಂದೆ. ಸ್ವಲ್ಪ ಖಾರ ಆತು ಅನ್ಸುತ್ತೆ, ಇರ್ಲಿ.

ಸತ್ತೋನ ತಂಗಿ ಚಿತ್ರದುರ್ಗದಲ್ಲಿದಾರೆ, ಅರವತ್ತರ ಹತ್ರ. ದಾಖಲೆಯಲ್ಲಿರೋದಕ್ಕೆ ಅವರ ಒಪ್ಪಿಗೆ ಕಾನೂನಿಗೆ ಬೇಕಿಲ್ಲ, ಆದ್ರೆ ಕೇಳದೆ ಮಾಡೋದು ಅಂದ್ರೆ ನನ್ನ ಸಹಿ ಇಲ್ಲ ಅಂದಿದ್ದೆ. ಹೋದ್ವಿ. ಮಂಡಕ್ಕಿ ಕಲೆಸಿಟ್ರು, ಟೀ ಕೊಟ್ರು. ಹುಡುಗ ಕತೆ ಹೇಳೋಕೆ ಶುರು ಮಾಡಿದ, ಓಪನಿಂಗಲ್ಲಿ ಗುಮಾಸ್ತ ಬೀಡಿ ಹಚ್ಕೊಂಡು ಮಂಡಿ ಬಾಗಿಲು ಹಾಕ್ತಾನೆ ಅಂತ. ಅಷ್ಟಕ್ಕೇ ಆಯಮ್ಮ ಕೈ ಎತ್ತಿದ್ರು. "ನಮ್ಮಣ್ಣ ಬೀಡಿ ಸೇದ್ತಿರ್ಲಿಲ್ಲಪ್ಪ. ಎಲೆ ಅಡಿಕೆನೂ ಹಾಕ್ತಿರ್ಲಿಲ್ಲ. ಸತ್ತೋನಿಗೆ ಯಾಕೆ ಇಲ್ದಿದ್ ಚಟ ಹಚ್ತೀರಿ." ಬೇರೆ ಯಾವುದಕ್ಕೂ ಅವರ ತಕರಾರಿರ್ಲಿಲ್ಲ. ಹೆಣ ತೋರ್ಸಿ, ಅಳೋದು ತೋರ್ಸಿ, ಬೀಡಿ ಬೇಡ. ಬೀಡಿ ತೆಗೆದಿದ್ರಿಂದ ಒಂದು ಲಾಭಾನೂ ಆತು, ತೆರೆ ಮೇಲೆ ಸೇದಿದಾಗೆಲ್ಲಾ ಕೆಳಗೆ ಆರೋಗ್ಯದ ಎಚ್ಚರಿಕೆ ಹಾಕ್ಬೇಕಲ್ಲ, ಎಮೋಷನ್ ಸೀನಲ್ಲಿ ಅದು ಬೇರೆ ಕಾಟ. ಠಾಣೆ ಸೀನಲ್ಲಿ ದಫೇದಾರ್ ಸೇದ್ತಾನೆ, ಅದನ್ನ ತಪ್ಸೋಕಾಗ್ಲಿಲ್ಲ.

ಯಾರು ಮಾಡಿರಬಹುದು ಅಂತ ನಾವು ಕೇಳ್ಲಿಲ್ಲ, ಅವರೇ ಹೇಳಿದ್ರು, ಸೈಕಲ್ ಶಾಪಿನೋನಲ್ಲ, ಇನ್ನೊಂದು ಹೆಸರು. ನಾನು ಹುಡುಗನ ಫೋನ್ ರೆಕಾರ್ಡಿಂಗ್ ಆಫ್ ಮಾಡಿಸಿದೆ. ರಿಟೈರ್ಡ್ ಎಎಸ್‌ಐ ಬೇರೆ ಒಂದು ಹೆಸರು ಹೇಳಿದ್ರು, ಗುಟ್ಟಾಗಿ. ಮಂಡಿ ಬೀದೀಲಿ ಹಳಬರು ಮೂರನೇದೊಂದು ಹೇಳ್ತಾರೆ. ಫೈಲು ಓದಿದ ಮೇಲೆ ನಂಗೂ ಒಬ್ಬನ ಮೇಲೆ ಅನುಮಾನ ಇದೆ, ಗಂಡನಿಗೂ ಹೇಳಿಲ್ಲ. ವಾಪಸ್ ಬರ್ತಾ ಹುಡುಗ ಕಾರಲ್ಲಿ ಇದನ್ನೇ ಹೇಳ್ತಿದ್ದ, ಅಕ್ಕ ಇದೇ ಸಿನಿಮಾ ಅಲ್ವಾ, ಎಲ್ರ ಹತ್ರನೂ ಒಬ್ಬೊಬ್ಬ ಕೊಲೆಗಾರ ಇದಾನೆ, ಕಾಗದದಲ್ಲಿ ಮಾತ್ರ ಯಾರೂ ಇಲ್ಲ ಅಂತ. ಮಾವನಿಗೆ ನೀನೇ ಹೇಳು ಅಂದೆ.

ಮಾವ ಕೇಳಿದ್ದು ನ್ಯಾಯವಾದ ಪ್ರಶ್ನೆನೇ. "ಕೊಲೆಗಾರ ಸಿಗದಿರೋ ಸಿನಿಮಾ ಯಾರ್ ನೋಡ್ತಾರೆ? ಜನ ಬಾಯ್ ತುಂಬ ಬೈಕೊಂಡು ಹೋಗ್ತಾರೆ." ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ನನ್ನ ಕೆಲಸ ಕೇಸ್ ಬೀಳದಂಗೆ ನೋಡೋದು, ಕಲೆಕ್ಷನ್ ಅಲ್ಲ. ಹುಡುಗ ಹೊಸ ಕ್ಲೈಮ್ಯಾಕ್ಸ್ ಬರ್ದ. ಅಪ್ಪ ಕೋರ್ಟಿಗೆ ಬಂದು ಹೆಬ್ಬೆಟ್ಟು ಒತ್ತಿ ಹೋಗೋದು, ಅದೇ ದಿನ ಊರಲ್ಲಿ ಸೈಕಲ್ ಶಾಪಿನ ಸಾಮಾನು ಎತ್ತಿನ ಗಾಡಿಗೆ ಏರಿಸೋದು, ಎರಡನ್ನೂ ಕಟ್ ಮಾಡಿ ಕಟ್ ಮಾಡಿ ತೋರ್ಸೋದು. ಓದಿ ಮಾವ ಜಾಸ್ತಿ ಮಾತಾಡ್ಲಿಲ್ಲ, "ಗಾಡಿ ನಮ್ಮ ತೋಟದ್ದೇ ತಗೋ, ಬಾಡಿಗೆ ಉಳೀತದೆ" ಅಂದ್ರು. ಎತ್ತು ಅಂದಿದ್ದೇ ನಾನು ಇನ್ನೊಂದು ಫೈಲ್ ತೆಗೀಬೇಕಾತು. ತೆರೆ ಮೇಲೆ ಪ್ರಾಣಿ ತೋರ್ಸೋಕೆ ಪ್ರಾಣಿ ಕಲ್ಯಾಣ ಮಂಡಳಿ ಅನುಮತಿ ಶೂಟಿಂಗಿಗಿಂತ ಮುಂಚೆನೇ ತಗೋಬೇಕು, ಆಮೇಲೆ ಸೆನ್ಸಾರಿಗೆ ಅವರ ಎನ್‌ಒಸಿ ಬೇಕು, ವೆಟರ್ನರಿ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಮನುಷ್ಯ ಸತ್ತಿದ್ದಕ್ಕೆ ಯಾರ ಅನುಮತಿನೂ ಬೇಡ, ಎತ್ತು ನಡೆಯೋದಕ್ಕೆ ಬೇಕು ಅಂತ ಮಾವ ಈಗ್ಲೂ ಹೇಳ್ಕೊಂಡು ನಗ್ತಾರೆ.

ಸೆನ್ಸಾರ್ ಅರ್ಜಿ ಈಗ ಆನ್‌ಲೈನಲ್ಲಿ, ನೋಡೋದು ಬೆಂಗಳೂರು ರೀಜನಲ್ ಆಫೀಸಲ್ಲಿ. 2023ರ ತಿದ್ದುಪಡಿ ಆದ್ಮೇಲೆ ಯುಎ ಅನ್ನೋದನ್ನ 7, 13, 16 ವಯಸ್ಸು ಅಂತ ಮೂರು ಮಾಡಿದಾರೆ, ನಮ್ಮದಕ್ಕೆ ಯುಎ 16 ಪ್ಲಸ್ ಸಿಗಬಹುದು ಅಂತ ಲೆಕ್ಕ. ಅದಕ್ಕೆ ಹಾಕೋ ಮುಂಚೆ ಕೊನೇ ಜಗಳ ಡಿಸ್ಕ್ಲೇಮರಿಂದು. ಪೋಸ್ಟರಲ್ಲಿ ದಪ್ಪ ಅಕ್ಷರದಲ್ಲಿ "ನೈಜ ಘಟನೆ ಆಧಾರಿತ" ಬೇಕು ಮಾವನಿಗೆ, ಸಿನಿಮಾ ಶುರುವಲ್ಲಿ "ಎಲ್ಲಾ ಪಾತ್ರ ಕಾಲ್ಪನಿಕ, ಯಾರಿಗೂ ಸಂಬಂಧಿಸಿಲ್ಲ" ಅನ್ನೋ ಹಳೇ ಸಾಲೂ ಬೇಕು. ಎರಡೂ ಒಟ್ಟಿಗೆ ಹಾಕಿದ್ರೆ ಒಂದು ಸುಳ್ಳು ಅಂತ ನಾವೇ ಬರ್ಕೊಟ್ಟಂಗೆ ಅಲ್ವಾ, ನಾಳೆ ಎದುರು ಲಾಯರ್ ಪೋಸ್ಟರನ್ನೇ ಎಕ್ಸಿಬಿಟ್ ಮಾಡಿಸ್ತಾನೆ. ಕೊನೆಗೆ ನಾನು ಟೈಪ್ ಮಾಡಿ ಕೊಟ್ಟಿದ್ದು ಹಿಂಗೆ: "1994ರಲ್ಲಿ ನಡೆದ, ಇಂದಿಗೂ ಪತ್ತೆಯಾಗದ ಒಂದು ಕೊಲೆ ಪ್ರಕರಣದ ದಾಖಲೆಗಳಿಂದ ಪ್ರೇರಿತ. ಪಾತ್ರಗಳ ಹೆಸರು, ಊರು, ಸಂಭಾಷಣೆ ಕಲ್ಪಿತ. ಈ ಪ್ರಕರಣದಲ್ಲಿ ಯಾರ ಮೇಲೂ ಆರೋಪಪಟ್ಟಿ ಸಲ್ಲಿಕೆಯಾಗಿಲ್ಲ." ಕೊನೇ ಸಾಲು ಬೇಡ, ಸಸ್ಪೆನ್ಸ್ ಹೋಗುತ್ತೆ ಅಂತ ಮಾವ. ಅದಿಲ್ದಿದ್ರೆ ನನ್ನ ಸೀಲ್ ಇಲ್ಲ ಅಂದೆ. ಮುಕ್ಕಾಲು ಗಂಟೆ ಎಳೆದಾಡಿ, ಆ ಸಾಲನ್ನ ಶುರುವಿನ ಬದಲು ಕೊನೇಲಿ, ಎತ್ತಿನ ಗಾಡಿ ಹೋದ ಮೇಲೆ ಹಾಕೋದು ಅಂತ ತೀರ್ಮಾನ ಆತು. ಕಾನೂನಿಗೆ ಅಡ್ಡಿ ಇಲ್ಲ, ಹುಡುಗನಿಗಂತೂ ಅಲ್ಲೇ ಸರಿ ಅನ್ನಿಸ್ತು, ಹಾಗೇ ಸಹಿ ಹಾಕಿ ಕೊಟ್ಟೆ. ಫಿಲ್ಮ್ ಚೇಂಬರಲ್ಲಿ ಟೈಟಲ್ ಇನ್ನೂ ಫೈನಲ್ ಆಗಿಲ್ಲ, ನನ್ನ ಫೀಸಿನ ಎರಡನೇ ಕಂತೂ ಅಷ್ಟೇ.